ಗುಂಪು ಒಂದೇ ಆದರೆ ತಪ್ಪೇನು?

ಜಾತಕ ಕೂಡಿಬಂದ ಮೇಲೂ ಕೆಲವು ಸಂಬಂಧಗಳು ರಕ್ತದ ಗುಂಪಿನ ಬಳಿ ಬಂದು ಮುರಿದುಬೀಳುತ್ತವೆ. ಇಬ್ಬರದೂ ಓ ಪಾಸಿಟಿವ್ ಎಂದಾದರೆ ಮಕ್ಕಳಾಗುವುದಿಲ್ಲ, ಆದರೂ ಆರೋಗ್ಯವಾಗಿರುವುದಿಲ್ಲ ಎಂಬ ಭಯ. ಇದಕ್ಕೆ ಯಾವ ಆಧಾರವೂ ಇಲ್ಲ. ಅಕ್ಕನ ಮಗಳನ್ನೋ ಮಾವನ ಮಗಳನ್ನೋ ಮದುವೆಯಾದಾಗ ಒಂದೇ ದೋಷದ ಜೀನು ಎರಡೂ ಕಡೆಯಿಂದ ಮಗುವಿಗೆ ಬರುವ ಸಂಭವ ಹೆಚ್ಚುವುದು ನಿಜ. ಆದರೆ ರಕ್ತದ ಗುಂಪು ಒಂದೇ ಆದ ಮಾತ್ರಕ್ಕೆ ಇಬ್ಬರು ಬಂಧುಗಳಾಗುವುದಿಲ್ಲ. ಓ ಗುಂಪಿನವರು ಲೋಕದಲ್ಲಿ ಕೋಟಿಗಟ್ಟಲೆ ಇದ್ದಾರೆ.

ಗಮನಿಸಬೇಕಾದ ಸಂದರ್ಭ ಬೇರೆಯೇ ಇದೆ. ತಾಯಿ ಆರ್‌ಎಚ್ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದರೆ ಮಗು ಪಾಸಿಟಿವ್ ಆಗಬಹುದು. ಹೆರಿಗೆಯ ವೇಳೆ ಮಗುವಿನ ಒಂದಿಷ್ಟು ರಕ್ತ ತಾಯಿಯ ಮೈಗೆ ಸೇರುತ್ತದೆ. ಆಕೆಯ ದೇಹ ಅದನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ತಯಾರಿಸಬಹುದು. ಅಷ್ಟರಲ್ಲಿ ಮೊದಲ ಮಗು ಹೊರಬಂದಿರುವುದರಿಂದ ಅದಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮುಂದಿನ ಮಗುವೂ ಪಾಸಿಟಿವ್ ಆದರೆ ಆ ಪ್ರತಿಕಾಯಗಳು ಮಾಸನ್ನು ದಾಟಿ ಅದರ ಕೆಂಪುಕಣಗಳನ್ನು ಒಡೆಯುತ್ತವೆ. ರಕ್ತಹೀನತೆ, ತೀವ್ರ ಕಾಮಾಲೆ, ಕೆಲವೊಮ್ಮೆ ಗರ್ಭದಲ್ಲೇ ಸಾವು. 1968ರಲ್ಲಿ ಬಳಕೆಗೆ ಬಂದ ಆಂಟಿ-ಡಿ ಚುಚ್ಚುಮದ್ದು ಈ ಕಥೆಯನ್ನೇ ಬದಲಿಸಿತು. ತಾಯಿಯ ದೇಹ ಎಚ್ಚೆತ್ತುಕೊಳ್ಳುವ ಮೊದಲೇ ಅದು ಮಗುವಿನ ಕಣಗಳನ್ನು ತೊಡೆದುಹಾಕುತ್ತದೆ. ಮದ್ದಿಲ್ಲದಿದ್ದಾಗ ಇಂಥ ನೂರು ತಾಯಂದಿರಲ್ಲಿ ಸುಮಾರು 16 ಮಂದಿಯಲ್ಲಿ ಪ್ರತಿಕಾಯ ಹುಟ್ಟುತ್ತಿತ್ತು. 28ನೇ ವಾರದಲ್ಲೊಮ್ಮೆ, ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಮ್ಮೆ ಕೊಟ್ಟರೆ ಆ ಪ್ರಮಾಣ ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯುತ್ತದೆ. ಗರ್ಭಪಾತವಾದಾಗಲೂ ಮದ್ದು ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಮಗುವೇ ಉಳಿಯಲಿಲ್ಲವಲ್ಲ ಎಂಬ ದುಃಖದಲ್ಲಿ ಮರೆತುಹೋಗುವುದು ಇದೇ. ಪ್ರತಿಕಾಯ ಒಮ್ಮೆ ಹುಟ್ಟಿಬಿಟ್ಟರೆ ಆಂಟಿ-ಡಿಯಿಂದ ಪ್ರಯೋಜನವಿಲ್ಲ. ಆಗ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಮೇಲೆ ಕಣ್ಣಿಟ್ಟು, ಅಗತ್ಯಬಿದ್ದರೆ ಗರ್ಭದಲ್ಲಿರುವಾಗಲೇ ಅದಕ್ಕೆ ರಕ್ತ ಕೊಡಬೇಕಾಗುತ್ತದೆ.

ಓ ಗುಂಪಿನ ತಾಯಿಗೆ ಎ ಅಥವಾ ಬಿ ಗುಂಪಿನ ಮಗು ಹುಟ್ಟಿದಾಗಲೂ ಕಾಮಾಲೆ ಬರುವುದುಂಟಲ್ಲ ಎನ್ನಬಹುದು. ಉಂಟು. ಹೆಚ್ಚಿನ ಪಾಲು ಅದು ಸೌಮ್ಯ. ನೀಲಿ ದೀಪದ ಚಿಕಿತ್ಸೆಗೆ ಬಗ್ಗುತ್ತದೆ.

ಇಷ್ಟೆಲ್ಲ ಏಕೆ, ನೆಗೆಟಿವ್ ಹುಡುಗಿಗೆ ನೆಗೆಟಿವ್ ಹುಡುಗನನ್ನೇ ಹುಡುಕಿದರಾಯಿತಲ್ಲ ಎಂಬುದು ಕೊನೆಯ ವಾದ. ಭಾರತದಲ್ಲಿ ನೂರಕ್ಕೆ ಸುಮಾರು 95 ಮಂದಿ ಪಾಸಿಟಿವ್. ಹಾಗೆ ಹುಡುಕುವುದೆಂದರೆ ಎರಡು ಚುಚ್ಚುಮದ್ದಿನಿಂದ ತಪ್ಪಿಸಬಹುದಾದ ತೊಂದರೆಗಾಗಿ ಆಕೆಯ ಪಾಲಿಗೆ ಹೆಚ್ಚುಕಡಿಮೆ ಎಲ್ಲ ಬಾಗಿಲುಗಳನ್ನೂ ಮುಚ್ಚುವುದು. ಪಾಸಿಟಿವ್ ಹುಡುಗಿ, ನೆಗೆಟಿವ್ ಹುಡುಗನಾದರಂತೂ ಈ ಪ್ರಶ್ನೆಯೇ ಏಳುವುದಿಲ್ಲ.