ಮೈಸೂರು ಮಹಾರಾಜರೂ ಒಬ್ಬ ರಷ್ಯನ್ ಪಿಯಾನೊ ವಾದಕರೂ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಸಂಗೀತದ ಮಾತು ಬಂದಾಗ ಎದೆ ತುಸು ಉಬ್ಬುವುದು ಸಹಜವೇ ಆಗಿದೆ. ಕುಂದಗೋಳದ ರಾಮಭಾವು ಅವರು ಸವಾಯಿ ಗಂಧರ್ವರೆಂದು ಪ್ರಖ್ಯಾತರಾಗಿ 1952ರಲ್ಲಿ ಈ ಊರಿನಲ್ಲಿಯೇ ದೇಹವಿಟ್ಟರು. ಅವರ ಸ್ಮರಣೆಗೆಂದು 1953ರಲ್ಲಿ ಮೊದಲಾದ ಉತ್ಸವವನ್ನು ಬೆಳೆಸಿದವರು ಅವರ ಶಿಷ್ಯರೂ ಗದುಗಿನವರೂ ಆದ ಪಂಡಿತ ಭೀಮಸೇನ ಜೋಶಿಯವರು. ಬಾಲಕ ಭೀಮಸೇನರು ಗದುಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯನ್ನು ಗ್ರಾಮಫೋನ್ ತಟ್ಟೆಯಲ್ಲಿ ಕೇಳಿ, ಅದರ ಸೆಳೆತಕ್ಕೆ ಸಿಕ್ಕು ಗುರುವನ್ನರಸಿ ಮನೆ ಬಿಟ್ಟು ಹೊರಟ ಸಂಗತಿ ನಮ್ಮ ಮಕ್ಕಳಿಗೂ ತಿಳಿದಿದೆ. ಮೂರು ನಿಮಿಷಗಳ ಒಂದು ಅರಗಿನ ತಟ್ಟೆಯು ಒಂದು ಬಾಳಿನ ದಿಕ್ಕನ್ನೇ ತಿರುಗಿಸಿತು.

ಗ್ರಾಮಫೋನ್ ತಟ್ಟೆಗೆ ಸಂಬಂಧಿಸಿದ ಇನ್ನೊಂದು ಸಂಗತಿಯೂ ಕನ್ನಡ ನಾಡಿಗೆ ಸೇರಿದ್ದೇ ಆಗಿದೆ. ಆದರೆ ಅದು ನಡೆದದ್ದು ಲಂಡನ್ ನಗರದಲ್ಲಿ, ಸಂಗೀತ ಪಾಶ್ಚಾತ್ಯರದು, ನುಡಿಸಿದವರು ರಷ್ಯದಿಂದ ಬಂದ, ಹೃದಯ ದುರ್ಬಲವಾಗಿದ್ದ ಒಬ್ಬ ವೃದ್ಧರು, ಹಣ ಮಾತ್ರ ಮೈಸೂರಿನದು. ನಮ್ಮಲ್ಲಿ ಇದನ್ನು ಬಲ್ಲವರು ವಿರಳ. ಬಲ್ಲವರಲ್ಲಿಯೂ ಇದು ಮೆಚ್ಚಬೇಕಾದ ಕಾರ್ಯವೋ ಆಕ್ಷೇಪಿಸಬೇಕಾದ ಕಾರ್ಯವೋ ಎಂಬ ವಿಷಯದಲ್ಲಿ ಒಮ್ಮತವಿಲ್ಲ. ನಮ್ಮ ಮನೆಯಲ್ಲಿಯೇ ಇರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ‘ಕನ್ಚರ್ಟೊ’ ಎಂದರೇನು ಎಂಬುದನ್ನು ತಿಳಿಯೋಣ. ಒಂದು ಪ್ರಧಾನ ವಾದ್ಯ ಮತ್ತು ಒಂದು ದೊಡ್ಡ ವಾದ್ಯವೃಂದ ಇವುಗಳ ನಡುವೆ ನಡೆಯುವ ದೀರ್ಘ ಸಂವಾದವೇ ಕನ್ಚರ್ಟೊ. ನಮ್ಮ ಕಚೇರಿಯಲ್ಲಿ ಪಕ್ಕವಾದ್ಯದವರು ಗಾಯಕರನ್ನು ಅನುಸರಿಸುತ್ತಾರೆ. ಇಲ್ಲಿ ಅರವತ್ತು ಎಪ್ಪತ್ತು ಮಂದಿಯ ವೃಂದವು ಪ್ರಧಾನ ವಾದಕರಿಗೆ ಒಮ್ಮೆ ಉತ್ತರ ಕೊಡುತ್ತದೆ, ಒಮ್ಮೆ ಎದುರು ನಿಲ್ಲುತ್ತದೆ, ಒಮ್ಮೆ ಪೂರ್ತಿ ಸುಮ್ಮನಾಗುತ್ತದೆ. ಮನೋಧರ್ಮಕ್ಕೆ ಎಡೆ ಬಹಳ ಕಡಿಮೆ. ಪ್ರತಿಯೊಂದು ಸ್ವರವನ್ನೂ ರಚನಕಾರರು ಮೊದಲೇ ಬರೆದಿಟ್ಟಿರುತ್ತಾರೆ. ಒಂದು ಕನ್ಚರ್ಟೊ ಅರ್ಧ ಗಂಟೆಯನ್ನು ಮೀರುವುದು ಸಾಮಾನ್ಯ. ಒಬ್ಬ ರಚನಕಾರರ ಎಲ್ಲ ಕನ್ಚರ್ಟೊಗಳನ್ನೂ ಒಬ್ಬರೇ ವಾದಕರು ಧ್ವನಿಮುದ್ರಿಸುವುದು ಪಿಯಾನೊ ವಾದಕರ ಬಾಳಿನಲ್ಲಿ ದೊಡ್ಡ ಸಾಧನೆಯೆಂದು ಗಣಿಸಲ್ಪಡುತ್ತದೆ. ರಚಿಸಿದವರೇ ವಾದಕರಾಗಿ, ತಮ್ಮ ಕನ್ಚರ್ಟೊಗಳೆಲ್ಲವನ್ನೂ ತಾವೇ ನುಡಿಸಿ ಮುದ್ರಿಸಿದ ಉದಾಹರಣೆಗಳು ಕೆಲವೇ. ಅಂಥವರಲ್ಲಿ ಒಬ್ಬರು ನಿಕೊಲಾಯ್ ಮೆಟ್ನರ್.

ಮೆಟ್ನರರು 1880ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದರು. ಅಲ್ಲಿನ ಸಂಗೀತ ವಿದ್ಯಾಲಯದಿಂದ 1900ರಲ್ಲಿ ಪದವೀಧರರಾಗಿ ಹೊರಬಂದಾಗ ಅವರು ದೊಡ್ಡ ಪಿಯಾನೊ ವಾದಕರಾಗುವರೆಂದು ಎಲ್ಲರ ನಿರೀಕ್ಷೆಯಾಗಿತ್ತು. ಅವರಾದರೋ ರಚನೆಯ ಹಾದಿ ಹಿಡಿದರು. ಕ್ರಾಂತಿಯ ನಂತರ 1921ರಲ್ಲಿ ರಷ್ಯವನ್ನು ಬಿಟ್ಟು ಜರ್ಮನಿ, ಫ್ರಾನ್ಸ್ ದೇಶಗಳಲ್ಲಿ ಕೆಲಕಾಲವಿದ್ದು, 1930ರ ದಶಕದ ನಡುವಿನಲ್ಲಿ ಲಂಡನ್ನಿಗೆ ಬಂದು ನೆಲೆಸಿದರು. ಗೆಳೆಯರಾದ ರಹ್ಮಾನಿನೊವ್ ಅವರ ಕೀರ್ತಿ ಜಗತ್ತಿನಲ್ಲೆಲ್ಲ ಹರಡಿತ್ತು. ಅವರು ತಮ್ಮ ನಾಲ್ಕನೆಯ ಕನ್ಚರ್ಟೊವನ್ನು ಮೆಟ್ನರರಿಗೂ, ಮೆಟ್ನರರು ತಮ್ಮ ಎರಡನೆಯದನ್ನು ಅವರಿಗೂ ಅರ್ಪಿಸಿದ್ದರು. ಆದರೆ ಮೆಟ್ನರರ ಸಂಗೀತವನ್ನು ಕೇಳುವವರ ಸಂಖ್ಯೆ ಚಿಕ್ಕದು. ಹೊಸ ಬಗೆಯ ಸಂಗೀತವನ್ನು ಅವರು ಒಪ್ಪಲಿಲ್ಲ. ಹೊಸಬರು ಅವರನ್ನು ಹಳಬರೆಂದು ಬದಿಗಿಟ್ಟರು. ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಪಾಠ ಹೇಳಿ ಜೀವಿಸಬೇಕಾಯಿತು. ಬಾಂಬು ದಾಳಿಯ ದಿನಗಳಲ್ಲಿ ಶಿಷ್ಯೆ ಎಡ್ನಾ ಐಲ್ಸ್ ಎಂಬ ಪಿಯಾನೊ ವಾದಕಿಯ ಕುಟುಂಬದವರು ವಾರ್ವಿಕ್‌ಷೈರಿನಲ್ಲಿ ಆಶ್ರಯ ಕೊಟ್ಟರು. ಅಲ್ಲಿ ಮೂರನೆಯ ಕನ್ಚರ್ಟೊವನ್ನು ಬರೆಯುತ್ತಿದ್ದಾಗಲೇ, 1942ರಲ್ಲಿ, ಹೃದಯಾಘಾತವಾಯಿತು. ಆಗ ಅವರಿಗೆ 62 ವಯಸ್ಸು. ಹೇಗೋ ಚೇತರಿಸಿಕೊಂಡು ಅದನ್ನು ಮುಗಿಸಿ, 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾವೇ ನುಡಿಸಿದರು.

ಇನ್ನು ಮೈಸೂರಿಗೆ ಬರೋಣ. ಶ್ರೀ ಜಯಚಾಮರಾಜೇಂದ್ರ ಒಡೆಯರ್ ಅವರು 1919ರಲ್ಲಿ ಜನಿಸಿದರು. ಎಳವೆಯಿಂದಲೇ ಪಿಯಾನೊ ಕಲಿತು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಗೌರವ ಫೆಲೋ ಪದವಿಯನ್ನಿತ್ತಿತು. ವೇದಿಕೆಯ ವಾದಕರಾಗಬೇಕೆಂಬ ಆಸೆ ಅವರಲ್ಲಿ ಪ್ರಬಲವಾಗಿತ್ತು. ಆದರೆ 1940ರ ಮಾರ್ಚಿಯಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರೂ ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರೂ ತೀರಿಕೊಂಡರು. ಇಪ್ಪತ್ತೊಂದನೆಯ ವಯಸ್ಸಿಗೆ ಸಿಂಹಾಸನ ಬಂದಿತು, ಪಿಯಾನೊ ಹಿಂದೆ ಸರಿಯಿತು. ಅವರು ಆ ಮೇಲೆ ಕರ್ನಾಟಕ ಸಂಗೀತದ ಕಡೆಗೆ ತಿರುಗಿ ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದುದು ಬಹುಮಂದಿಗೆ ಗೊತ್ತಿರುವ ವಿಷಯ. ಆದರೆ ತಾವು ನುಡಿಸಲಾಗದೆ ಹೋದ ಸಂಗೀತವನ್ನು ನುಡಿಸಬಲ್ಲವರಿಂದ ಉಳಿಸಬೇಕೆಂಬ ಹಂಬಲವೂ ಅವರಲ್ಲಿ ಉಳಿಯಿತು. ಅದರ ಫಲವಾಗಿ ಲಂಡನ್ನಿನಲ್ಲಿ ‘ಮೆಟ್ನರ್ ಸೊಸೈಟಿ’ ಸ್ಥಾಪಿತವಾಯಿತು. ಮೆಟ್ನರರ ಕೃತಿಗಳೆಲ್ಲವನ್ನೂ ಅವರ ಕೈಯಿಂದಲೇ ಮುದ್ರಿಸುವುದು ಅದರ ಉದ್ದೇಶ, ಮುದ್ರಿಸುವವರು ಎಚ್.ಎಂ.ವಿ. ಕಂಪನಿಯವರು, ವೆಚ್ಚದ ಭಾರ ಮಹಾರಾಜರದು. ಮೂರನೆಯ ಕನ್ಚರ್ಟೊವನ್ನು ಮೆಟ್ನರರು ಮೈಸೂರು ಮಹಾರಾಜರಿಗೆ ಅರ್ಪಿಸಿದರು.

1947ರಲ್ಲಿ ಎರಡನೆಯ ಮತ್ತು ಮೂರನೆಯ ಕನ್ಚರ್ಟೊಗಳ ಮುದ್ರಣವಾಯಿತು. ಆಗ ಸ್ಥಾಪನೆಯಾಗಿ ಎರಡು ವರ್ಷಗಳಷ್ಟೇ ಆಗಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಇಸ್ಸಾಯ್ ದೊಬ್ರೊವೆನ್ ಎಂಬವರು ನಿರ್ದೇಶಿಸಿದರು. ಅವರೂ ರಷ್ಯದಲ್ಲಿ ಹುಟ್ಟಿದವರೇ. ಮೊದಲನೆಯ ಕನ್ಚರ್ಟೊವನ್ನು ಅದೇ ವೃಂದದೊಡನೆ ಜಾರ್ಜ್ ವೆಲ್ಡನ್ ಅವರ ನಿರ್ದೇಶನದಲ್ಲಿ ಮುದ್ರಿಸಲಾಯಿತು.

ಇಂದಿನ ಓದುಗರಿಗೆ ‘ಮುದ್ರಿಸಲಾಯಿತು’ ಎಂಬ ಒಂದು ಕ್ರಿಯಾಪದದ ಹಿಂದಿರುವ ಶ್ರಮದ ಕಲ್ಪನೆ ಬರಲಾರದು. ಈಗ ಎಲ್ಲಿ ತಪ್ಪಿದರೂ ಆ ಭಾಗವನ್ನಷ್ಟೇ ಮತ್ತೆ ನುಡಿಸಿ ಜೋಡಿಸಬಹುದು. ಅಂದಿನ ಪದ್ಧತಿ ಹಾಗಲ್ಲ. ದಪ್ಪನಾದ ಮೇಣದ ತಟ್ಟೆಯೊಂದು ಯಂತ್ರದ ಮೇಲೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿರುತ್ತದೆ. ಮೈಕ್ರೊಫೋನಿನಿಂದ ಬಂದ ಧ್ವನಿಯು ಒಂದು ಹರಿತವಾದ ಮೊನೆಯನ್ನು ಅಲುಗಿಸುತ್ತದೆ. ಆ ಮೊನೆ ಮೇಣದಲ್ಲಿ ಗೆರೆ ಕೊರೆಯುತ್ತ ಹೋಗುತ್ತದೆ. ಹನ್ನೆರಡು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕು, ಬಹಳವೆಂದರೆ ನಾಲ್ಕೂವರೆ ನಿಮಿಷ. ಹಾಗಾದರೆ ಒಂದು ಕನ್ಚರ್ಟೊಗೆ ಎಂಟು, ಒಂಬತ್ತು, ಹತ್ತು ಮಗ್ಗುಲುಗಳು ಬೇಕು. ಸಂಗೀತವನ್ನು ಮೊದಲೇ ತುಂಡುಗಳಾಗಿ ಗುರುತು ಮಾಡಿಕೊಂಡು, ಒಂದೊಂದು ತುಂಡನ್ನೂ ತಡೆಯಿಲ್ಲದೆ ನುಡಿಸಬೇಕು. ಮೂರನೆಯ ನಿಮಿಷದಲ್ಲಿ ಒಬ್ಬರ ಕೊಳಲು ಅಪಸ್ವರ ನುಡಿದರೂ ಆ ಮೇಣ ವ್ಯರ್ಥ. ಎಲ್ಲರೂ ಮೊದಲಿನಿಂದ ಹೊರಡಬೇಕು. ಕೊರೆದ ಮೇಣವನ್ನು ಅಲ್ಲಿಯೇ ಕೇಳಿ ನೋಡೋಣವೆಂದರೆ ಮುಳ್ಳು ತಗಲಿ ಅದು ಕೆಟ್ಟುಹೋಗುತ್ತದೆ. ಆದುದರಿಂದ ಅದನ್ನು ಕಾರ್ಖಾನೆಗೆ ಕಳುಹಿಸಿ, ಅದರ ಮೇಲೆ ಲೋಹದ ಪದರ ಕಟ್ಟಿಸಿ ಅಚ್ಚು ತೆಗೆದು, ಆ ಅಚ್ಚಿನಿಂದ ಪರೀಕ್ಷೆಯ ತಟ್ಟೆ ಒತ್ತಿಸಿದ ಮೇಲೆಯೇ ತಪ್ಪು ಒಪ್ಪು ತಿಳಿಯುವುದು. (ತಟ್ಟೆ ಒತ್ತುವುದಕ್ಕೆ ಬೇಕಾಗಿದ್ದ ಅರಗು ಬಹುಪಾಲು ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿತ್ತು. ಹೀಗೆ ಆ ತಟ್ಟೆಗಳಲ್ಲಿ ಭಾರತದ್ದು ಹಣ ಮಾತ್ರವಲ್ಲ.)

ಮೆಟ್ನರರ ರಚನೆಗಳಿಗೆ ಈ ಪದ್ಧತಿ ಇನ್ನೂ ಕಷ್ಟ. ಮೊದಲನೆಯ ಕನ್ಚರ್ಟೊ ಒಂದೇ ಅಖಂಡ ಭಾಗವಾಗಿದೆ. ಮೂರನೆಯದರಲ್ಲಿ ಭಾಗಗಳಿದ್ದರೂ ನಡುವೆ ನಿಲುಗಡೆಯಿಲ್ಲ. ನಿಲ್ಲಬಾರದ ಸಂಗೀತವನ್ನು ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲಿಸಿ, ಮತ್ತೆ ಅದೇ ವೇಗ, ಅದೇ ಭಾವದಿಂದ ಮುಂದುವರಿಸಬೇಕು. ಬಹುಶಃ ಮರುದಿನ, ಅಥವಾ ತಿಂಗಳುಗಳ ನಂತರ.

ಹೃದಯದ ಆರೋಗ್ಯವನ್ನು ಕುರಿತು ಇಂಥ ಸಂಚಿಕೆಗಳಲ್ಲಿ ವೈದ್ಯಮಿತ್ರರು ಬರೆಯುತ್ತಲೇ ಬಂದಿದ್ದಾರೆ; ನಾನು ವಾಣಿಜ್ಯ ಓದಿದವನು, ಆ ಕ್ಷೇತ್ರದಲ್ಲಿ ಕೈಯಾಡಿಸುವುದಿಲ್ಲ. ಆದರೂ ಪಿಯಾನೊ ನುಡಿಸುವುದು ಬೆರಳುಗಳ ಕೆಲಸವಷ್ಟೇ ಎಂದು ತಿಳಿಯುವವರಿಗೆ ಒಂದು ಮಾತು. ಪಿಯಾನೊದ ಒಂದು ಕೀಲಿಯನ್ನು ಮೆಲ್ಲನೆ ಇಳಿಸಲು ಸುಮಾರು 50 ಗ್ರಾಂ ಭಾರ ಸಾಕು. ಆದರೆ ತುಂಬಿದ ವಾದ್ಯವೃಂದದ ಮೇಲೆ ಕೇಳಿಸುವಂತೆ ಎರಡು ಕೈಗಳಿಂದಲೂ ಸ್ವರಗುಚ್ಛಗಳನ್ನು ಬಾರಿಸುವಾಗ ಭುಜ, ಬೆನ್ನು, ಉಸಿರು ಎಲ್ಲವೂ ದುಡಿಯುತ್ತವೆ. ಒಮ್ಮೆ ಹೃದಯಾಘಾತವಾಗಿದ್ದ, 67 ವರ್ಷದ ಮನುಷ್ಯರು ಇದನ್ನು ತುಂಡು ತುಂಡಾಗಿ, ಮತ್ತೆ ಮತ್ತೆ ನುಡಿಸಿದರು. ಹಾಸಿಗೆಯಲ್ಲಿ ವಿಶ್ರಾಂತಿ ಪಡೆಯಬೇಕಾದ ದಿನಗಳವು ಎಂದು ಯಾರಾದರೂ ಹೇಳಬಹುದು. ಆ ಮೂರು ಕನ್ಚರ್ಟೊಗಳಲ್ಲದೆ ಸೊನಾಟಾಗಳು, ಗೀತೆಗಳು, ಚಿಕ್ಕ ರಚನೆಗಳು ಹಲವನ್ನು ಅವರು ಮುದ್ರಿಸಿದರು. 1950ರಲ್ಲಿ ಎಲಿಜಬೆತ್ ಷ್ವಾರ್ಟ್ಸ್‌ಕಾಫ್ ಅವರ ಗಾಯನಕ್ಕೆ ಪಿಯಾನೊ ನುಡಿಸಿದರು. 1951ರ ನವೆಂಬರಿನಲ್ಲಿ ತೀರಿಕೊಂಡಾಗ ಎಲ್ಲ ಕೃತಿಗಳೂ ಮುಗಿದಿರಲಿಲ್ಲ.

ಈಗ ಲೆಕ್ಕದ ಮಾತು. ಮೆಟ್ನರ್ ಸೊಸೈಟಿಯ ವೆಚ್ಚ ಎಷ್ಟೆಂಬ ಅಂಕಿಯನ್ನು ಊಹಿಸಿ ಬರೆಯುವುದು ಬ್ಯಾಂಕಿನವನಿಗೆ ಸಲ್ಲದು. ಆದರೆ ಫಿಲ್‌ಹಾರ್ಮೋನಿಯಾದ ಸ್ಥಾಪಕರೂ ಎಚ್.ಎಂ.ವಿ.ಯ ಮುದ್ರಣಗಳ ಹೊಣೆ ಹೊತ್ತವರೂ ಆದ ವಾಲ್ಟರ್ ಲೆಗ್ ಅವರು, ಮಹಾರಾಜರು ಆ ವೃಂದಕ್ಕೆ ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡ್ ನೆರವು ಕೊಟ್ಟರೆಂದು ತಮ್ಮ ನೆನಪುಗಳಲ್ಲಿ ಹೇಳಿದ್ದಾರೆ. ಅಂದು ರೂಪಾಯಿಗೆ ಒಂದು ಷಿಲಿಂಗ್ ಆರು ಪೆನ್ಸ್, ಅಂದರೆ ಪೌಂಡಿಗೆ 13 ರೂಪಾಯಿ 5 ಆಣೆ ನಾಲ್ಕು ಕಾಸು. ವರ್ಷಕ್ಕೆ ಹತ್ತಿರ ಹತ್ತಿರ 1,33,000 ರೂಪಾಯಿ. ಹೋಲಿಕೆಗೆ ಹೇಳುವುದಾದರೆ, ಸಂಸ್ಥಾನ ಒಕ್ಕೂಟದಲ್ಲಿ ಸೇರಿದ ಮೇಲೆ ಮಹಾರಾಜರಿಗೆ ನಿಗದಿಯಾದ ರಾಜಧನ ವರ್ಷಕ್ಕೆ 26 ಲಕ್ಷ. ಅದರ ಇಪ್ಪತ್ತನೆಯ ಒಂದು ಪಾಲಿನಷ್ಟು ಒಂದು ಲಂಡನ್ ವಾದ್ಯವೃಂದಕ್ಕೆ.

1947ನೆಯ ಇಸವಿ ಮೈಸೂರಿನಲ್ಲಿ ಸಾಮಾನ್ಯವಾದ ವರ್ಷವಾಗಿರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಸಂಸ್ಥಾನದಲ್ಲಿ ಜವಾಬ್ದಾರಿ ಸರಕಾರ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಎದ್ದಿತು. ಜನ ಸೆರೆಮನೆಗಳನ್ನು ತುಂಬಿದರು. ಅಕ್ಟೋಬರಿನಲ್ಲಿ ಶ್ರೀ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಧಾನ್ಯ ಪಡಿತರದಲ್ಲಿ ಸಿಗುತ್ತಿದ್ದ ಕಾಲ. ನನ್ನ ತಾತನವರು ಆಗ ವಿದ್ಯಾರ್ಥಿಯಾಗಿ ಸೆರೆಮನೆ ಕಂಡವರು. ಮಹಾರಾಜರ ವಿದ್ವತ್ತನ್ನು ಅವರು ಗೌರವಿಸುತ್ತಿದ್ದರು. ಈ ಪಿಯಾನೊ ಪ್ರಸಂಗವನ್ನು ಮಾತ್ರ ಕ್ಷಮಿಸಿರಲಿಲ್ಲ. ‘ನಾವು ಇಲ್ಲಿ ಮುಗ್ಗಲು ಅಕ್ಕಿಗೆ ಸಾಲು ನಿಂತಿದ್ದೆವಪ್ಪ, ಅಲ್ಲಿ ನಮ್ಮ ಹಣದಲ್ಲಿ ಪಿಯಾನೊ!’ ಎನ್ನುತ್ತಿದ್ದರು. ಅರಸರ ಖಾಸಗಿ ಹಣವೆಂದರೂ ಅದರ ಮೂಲ ಪ್ರಜೆಗಳೇ ಅಲ್ಲವೆ ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ವ್ಯಾಪಾರದ ದೃಷ್ಟಿಯಿಂದ ನೋಡಿದರೂ ಇದು ಒಳ್ಳೆಯ ಹೂಡಿಕೆಯಾಗಿರಲಿಲ್ಲ. ಮೆಟ್ನರ್ ಸೊಸೈಟಿಯ 78 ಸುತ್ತಿನ ತಟ್ಟೆಗಳು ಮೂರು ಸಂಪುಟಗಳಾಗಿ ಹೊರಬಂದವು. ಆದರೆ ಅಮೆರಿಕದಲ್ಲಿ 1948ರಲ್ಲಿಯೇ ಎಲ್.ಪಿ. ತಟ್ಟೆ ಬಂದಿತ್ತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಗಳಿಗೂ ಹೆಚ್ಚು. 1952ರಲ್ಲಿ ಎಚ್.ಎಂ.ವಿ.ಯೂ ಅದನ್ನು ಹೊರಡಿಸಿದ ಮೇಲೆ ಹೊರಲಾರದ ಆ ಅರಗಿನ ತಟ್ಟೆಗಳನ್ನು ಕೇಳುವವರು ಯಾರು? ಪುಸ್ತಕದಲ್ಲಿ ಸವಕಳಿ ಬರೆದು ಕೈಬಿಡುವ ಆಸ್ತಿ ಅದು.

ಆದರೆ ಮೂಲ ಮುದ್ರಣಗಳು ಉಳಿದವು. 1990ರ ದಶಕದಲ್ಲಿ ಅವು ಕಾಂಪ್ಯಾಕ್ಟ್ ಡಿಸ್ಕಿಗೆ ಏರಿದವು. ಆ ವೇಳೆಗೆ ಮೆಟ್ನರರ ಸಂಗೀತವನ್ನು ಹೊಸ ತಲೆಮಾರಿನ ವಾದಕರು ಮತ್ತೆ ಕೈಗೆತ್ತಿಕೊಂಡಿದ್ದರು. ಮೂರು ಕನ್ಚರ್ಟೊಗಳನ್ನೂ ಮುದ್ರಿಸಿದ ವಾದಕರು ಈಗ ಹಲವರಿದ್ದಾರೆ. ಅವರ ಬೆರಳುಗಳು ವೃದ್ಧ ಮೆಟ್ನರರದಕ್ಕಿಂತ ಚುರುಕು, ಧ್ವನಿಯೂ ಸ್ವಚ್ಛ. ಆದರೂ ಒಂದೆಡೆ ವೇಗ ಹೇಗಿರಬೇಕು, ಎಲ್ಲಿ ತಡೆದು ನಿಲ್ಲಬೇಕು ಎಂಬ ಸಂದೇಹ ಬಂದರೆ ಬರೆದವರೇ ನುಡಿಸಿದ್ದನ್ನು ಕೇಳಿ ನೋಡಲು ಸಾಧ್ಯವಿದೆ. ನಮ್ಮ ವಾಗ್ಗೇಯಕಾರರ ವಿಷಯದಲ್ಲಿ ಅಂಥ ಸೌಲಭ್ಯವಿದ್ದಿದ್ದರೆ ಎಷ್ಟು ಪಾಠಾಂತರದ ಜಗಳಗಳು ಉಳಿಯುತ್ತಿದ್ದವೋ!

ತಾತನವರು ಕಡೆಯ ಬಾರಿ ಪುಣೆಗೆ ಬಂದಾಗ ಒಂದು ಸಂಜೆ ಮೂರನೆಯ ಕನ್ಚರ್ಟೊವನ್ನು ಹಾಕಿದೆ. ಮೊದಲು ಬೇಡವೆಂದರು, ಆಮೇಲೆ ಕುಳಿತರು. ಪಾಶ್ಚಾತ್ಯ ಸಂಗೀತದ ಪರಿಚಯ ಅವರಿಗಿರಲಿಲ್ಲ. ಒಂದೆರಡು ಕಡೆ, ತುಂಡುಗಳು ಕೂಡುವ ಜಾಗದಲ್ಲಿರಬೇಕು, ಹಿನ್ನೆಲೆಯ ಸರಸರ ಶಬ್ದ ಬದಲಾದದ್ದನ್ನು ಅವರೇ ಗುರುತಿಸಿ ‘ಇದೇನು?’ ಎಂದು ಕೇಳಿದರು. ತಟ್ಟೆ ಬದಲಾದುದನ್ನು ವಿವರಿಸಿದೆ. ‘ನುಡಿಸಿದವರಿಗೆ ಆಗ ವಯಸ್ಸೆಷ್ಟು?’ ಎಂದರು. ಅರವತ್ತೇಳು, ಅದಕ್ಕೆ ಮೊದಲೇ ಹೃದಯಾಘಾತವಾಗಿತ್ತು ಎಂದೆ. ಮುಗಿಯುವವರೆಗೂ ಏಳಲಿಲ್ಲ. ಆ ಮೇಲೆ ಹತ್ತು ಸಾವಿರ ಪೌಂಡಿಗೆ ಅಂದಿನ ರೂಪಾಯಿ ಎಷ್ಟಾಗುವುದೆಂದು ಕೇಳಿ, ನಾನು ಗುಣಿಸಿ ಹೇಳಿದ ಮೊತ್ತವನ್ನು ತಮ್ಮ ಪುಟ್ಟ ಡೈರಿಯಲ್ಲಿ ಬರೆದುಕೊಂಡರು.