ಚಲಿಸುವ ಮನೆಯ ಒಡಲಿನಿಂದ ಜನರೇಟರನ್ನು ಇಳಿಸುವ ವಿದ್ಯೆ

ಅಮೆರಿಕದ ಅರಿಜೋನಾ ಸಂಸ್ಥಾನದಲ್ಲಿ ಕ್ವಾರ್ಟ್‌ಸೈಟ್ ಎಂಬ ಮರುಭೂಮಿಯ ಸಣ್ಣ ಊರೊಂದಿದೆ. ಚಳಿಗಾಲ ಬಂದಿತೆಂದರೆ, ಉತ್ತರದ ಹಿಮಪ್ರದೇಶಗಳಿಂದ ಹೊರಟ ಅಸಂಖ್ಯ ಮೋಟಾರ್ ಹೋಮುಗಳು, ಅಡುಗೆಮನೆ, ಶಯ್ಯಾಗೃಹ, ಸ್ನಾನಗೃಹಗಳೆಲ್ಲವನ್ನೂ ಒಂದೇ ಚೌಕಟ್ಟಿನ ಮೇಲೆ ಹೊತ್ತು, ಆ ಊರ ಸುತ್ತಣ ಸರ್ಕಾರೀ ಬಯಲುಗಳಲ್ಲಿ ಬೀಡುಬಿಡುತ್ತವೆ. ವಿದ್ಯುತ್ ಕಂಬವಾಗಲಿ ನಲ್ಲಿಯಾಗಲಿ ಇಲ್ಲದ ಆ ಬಯಲಿನಲ್ಲಿ ಮಾಡಿನ ಮೇಲಣ ಹವಾನಿಯಂತ್ರಕವನ್ನೂ ಮೈಕ್ರೋವೇವ್ ಒಲೆಯನ್ನೂ ನಡೆಸುವ ಭಾರವು ವಾಹನದ ಒಡಲಿನಲ್ಲೇ ಅಡಗಿರುವ ಜನರೇಟರಿನದು. ಅದು ಕೆಟ್ಟು ನಿಂತಾಗ, ಇಕ್ಕಟ್ಟಾದ ಆ ಗೂಡಿನಿಂದ ಅದನ್ನು ಹೊರತೆಗೆದು, ಸರಿಪಡಿಸಿ, ಮರಳಿ ಪ್ರತಿಷ್ಠಾಪಿಸುವ ಕುಶಲಿಗಳದೊಂದು ವರ್ಗವೇ ಆ ದೇಶದಲ್ಲಿ ಬೆಳೆದಿದೆ; ತಮ್ಮ ಉಪಕರಣಗಳನ್ನೆಲ್ಲ ಲಾರಿಯೊಂದಕ್ಕೆ ತುಂಬಿಕೊಂಡು, ಕರೆದೆಡೆಗೆ ಹೋಗಿ ಕೆಲಸಮಾಡಿಕೊಡುವವರೂ ಅವರಲ್ಲಿ ಅನೇಕರಿದ್ದಾರೆ.

ಅಮೆರಿಕದ ಇಂಥ ವಾಹನಗಳಲ್ಲಿ ಬಹುಪಾಲು ಸಿದ್ಧವಾಗುವುದು ಇಂಡಿಯಾನಾದ ಎಲ್ಕ್‌ಹಾರ್ಟ್ ಸೀಮೆಯಲ್ಲಿ. ಅವುಗಳೊಳಗೆ ಕೂರುವ ಜನರೇಟರುಗಳಲ್ಲಿ ಅತಿ ಪ್ರಸಿದ್ಧವಾದ ಓನನ್, ಮಿನಿಯಾಪೊಲಿಸ್ ನಗರದಲ್ಲಿ ಡೇವಿಡ್ ಓನನ್ ಎಂಬಾತ 1920ರ ಸುಮಾರಿಗೆ ಆರಂಭಿಸಿದ ಸಣ್ಣ ಕಾರ್ಖಾನೆಯ ಸಂತತಿ. ಮುಂದೆ ಅದು ಕಮಿನ್ಸ್ ಸಂಸ್ಥೆಯಲ್ಲಿ ಲೀನವಾಯಿತು.

ದೊಡ್ಡ ಡೀಸೆಲ್ ವಾಹನಗಳಲ್ಲಿ ಅನೇಕವು ಜನರೇಟರನ್ನು ಮುಂಭಾಗದ ಜಾರುಹಲಗೆಯ ಮೇಲೆ ಇರಿಸಿಕೊಂಡಿರುತ್ತವೆಯಾದ್ದರಿಂದ, ಅದನ್ನು ಹೊರಗೆಳೆದು, ನಿಂತಲ್ಲೇ ಬಹಳಷ್ಟು ಕೆಲಸ ಮುಗಿಸಬಹುದು. ಪೆಟ್ರೋಲ್ ವಾಹನಗಳ ಅವಸ್ಥೆ ಬೇರೆ. ಅವುಗಳಲ್ಲಿ ಯಂತ್ರವು ಸಾಮಾನ್ಯವಾಗಿ ಪಕ್ಕದ ಬಾಗಿಲೊಂದರ ಹಿಂದೆ, ನೆಲಗಟ್ಟಿನಿಂದ ತೂಗುಬಿದ್ದೋ ಉಕ್ಕಿನ ತಟ್ಟೆಯ ಮೇಲೆ ಕುಳಿತೋ ಇದ್ದು, ಕುಶಲಿಗೆ ಅದರ ಮುಖವೊಂದನ್ನು ಮಾತ್ರ ತೋರಿಸುತ್ತದೆ. ಎಣ್ಣೆ ಬದಲಿಸುವುದಕ್ಕೂ ಸೋಸಕ ಬದಲಿಸುವುದಕ್ಕೂ ಆ ಮುಖ ಸಾಕು. ವಿದ್ಯುತ್ ಹುಟ್ಟಿಸುವ ಸುರುಳಿಗಳು ಸುಟ್ಟಾಗ, ಅಥವಾ ಎಂಜಿನ್ನಿನ ಹಿಂಬದಿಯಿಂದ ಎಣ್ಣೆ ಜಿನುಗತೊಡಗಿದಾಗ ಅದನ್ನು ಇಳಿಸದೆ ಗತ್ಯಂತರವಿಲ್ಲ. ದುರಸ್ತಿಗೆ ಎಡೆಯನ್ನೇ ಬಿಡದೆ ಯಂತ್ರವನ್ನು ಕೂಡಿಸುವ ನಿರ್ಮಾಪಕರ ಪದ್ಧತಿಯನ್ನು ನಾನು ಒಪ್ಪಲಾರೆ. ಮಲಗುವ ಕೋಣೆಗೆ ಉಳಿಸಿದ ಒಂದು ಗೇಣು ಜಾಗದ ಬೆಲೆಯನ್ನು ಮುಂದೊಂದು ದಿನ ಮಾಲಿಕನೇ ಕೂಲಿಯ ರೂಪದಲ್ಲಿ ತೆರಬೇಕಾಗುತ್ತದೆ.

ಆದರೂ ಬಲ್ಲ ಕುಶಲಿಯು ಮೊದಲು ಸ್ಪ್ಯಾನರಿಗೆ ಕೈಹಾಕುವುದಿಲ್ಲ. ವಾಹನದ ಇಂಧನ ಕಾಲು ಟ್ಯಾಂಕಿಗಿಂತ ಕೆಳಗಿಳಿದರೆ ಜನರೇಟರು ತಾನಾಗಿಯೇ ನಿಂತುಬಿಡುವುದು ರೂಢಿ. ಪ್ರಯಾಣಿಕನು ನಿರ್ಜನ ಪ್ರದೇಶದಲ್ಲಿ ಸಿಲುಕದಿರಲೆಂದೇ ಅದರ ಹೀರುಕೊಳವೆಯನ್ನು ಗಿಡ್ಡವಾಗಿ ಇರಿಸಿರುತ್ತಾರೆ. ಇದನ್ನರಿಯದೆ ಯಂತ್ರವನ್ನು ಬಿಚ್ಚಿದವನ ಶ್ರಮವೆಲ್ಲ ವ್ಯರ್ಥ. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಕಾರ್ಬ್ಯುರೇಟರಿನ ಸೂಕ್ಷ್ಮ ರಂಧ್ರಗಳಲ್ಲಿ ಅಂಟುಗಟ್ಟುವುದೂ ಅಷ್ಟೇ ಸಾಮಾನ್ಯವಾದ ವ್ಯಾಧಿ. ಪ್ರತಿ ತಿಂಗಳೂ ಎರಡು ಗಂಟೆ ಕಾಲ, ಅರ್ಧದಷ್ಟಾದರೂ ಹೊರೆ ಕೊಟ್ಟು ಓಡಿಸಿದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಇಳಿಸಲೇಬೇಕೆಂದು ನಿಶ್ಚಯವಾದ ಮೇಲೆ, ಈ ವಿದ್ಯೆಯ ಸಾರವೆಲ್ಲ ಕ್ರಮದಲ್ಲಿದೆ. ತಂಗುದಾಣದ ಕಂಬದಿಂದ ಬರುವ ವಿದ್ಯುತ್ತನ್ನು ಕಡಿದು, ಇನ್ವರ್ಟರನ್ನು ಆರಿಸಿ, ಬ್ಯಾಟರಿಯ ಋಣ ತಂತಿಯನ್ನು ಮೊದಲು ತೆಗೆಯಬೇಕು. ಧನ ತಂತಿಗೆ ಮೊದಲು ಕೈಹಾಕಿದಲ್ಲಿ, ಸ್ಪ್ಯಾನರು ಜಾರಿ ಚೌಕಟ್ಟನ್ನು ಸೋಕಿದ ಮಾತ್ರಕ್ಕೆ ಹಾರುವ ಕಿಡಿ ಪೆಟ್ರೋಲಿನ ಆವಿಯ ನಡುವೆ ಏನು ಮಾಡಬಲ್ಲುದೆಂಬುದನ್ನು ವಿವರಿಸಬೇಕಾಗಿಲ್ಲ. ಎಂಜಿನ್ನು ಪೂರ್ಣವಾಗಿ ತಣಿದ ತರುವಾಯ ಇಂಧನದ ಕೊಳವೆಯನ್ನು ಬಿಚ್ಚಿ, ಎರಡೂ ತುದಿಗಳಿಗೆ ಬಿರಡೆ ಹಾಕುತ್ತಾರೆ. 120 ವೋಲ್ಟಿನ ಕಪ್ಪು, ಬಿಳಿ, ಹಸಿರು ತಂತಿಗಳಿಗೂ, ಒಳಗಿನ ಗುಂಡಿಯಿಂದ ಯಂತ್ರವನ್ನು ಚಾಲೂ ಮಾಡುವ ತಂತಿಗೊಂಚಲಿಗೂ ಚೀಟಿ ಕಟ್ಟಿ, ಚಿತ್ರ ತೆಗೆದಿಟ್ಟುಕೊಂಡ ಬಳಿಕವೇ ಅವನ್ನು ಬೇರ್ಪಡಿಸುತ್ತಾರೆ. ತುಕ್ಕು ಹಿಡಿದ ಹೊಗೆಕೊಳವೆಯ ಬೋಲ್ಟುಗಳಿಗೆ ಹಿಂದಿನ ದಿನವೇ ತೈಲ ಸವರಿ ಕಾಯುವ ಸಹನೆಯುಳ್ಳವನು ಮರುದಿನ ಅವನ್ನು ಮುರಿಯದೆ ತೆಗೆಯುತ್ತಾನೆ.

ಇನ್ನುಳಿದುದು ಭಾರ. ನಾಲ್ಕು ಕಿಲೋವಾಟಿನ ಯಂತ್ರ ಸುಮಾರು 80 ಕಿಲೋಗ್ರಾಂ ತೂಗಿದರೆ, ಎಂಟು ಕಿಲೋವಾಟಿನ ಡೀಸೆಲ್ ಯಂತ್ರವು 300 ಕಿಲೋಗ್ರಾಂ ಮೀರುತ್ತದೆ. ಎಂಜಿನ್ನು ಒಂದು ಕಡೆ, ವಿದ್ಯುತ್ ಸುರುಳಿಗಳು ಇನ್ನೊಂದು ಕಡೆ ಇರುವುದರಿಂದ ಭಾರದ ಕೇಂದ್ರವು ಪೆಟ್ಟಿಗೆಯ ನಟ್ಟನಡುವೆಯೇ ಇರಬೇಕೆಂಬ ನಿಯಮವಿಲ್ಲ. ಅಗಲವಾದ ಜಾಕಿನ ಮೇಲೆ ಹಲಗೆಯಿಟ್ಟು, ಯಂತ್ರವನ್ನು ಪಟ್ಟಿಯಿಂದ ಬಿಗಿದು, ಭಾರವು ಸಂಪೂರ್ಣವಾಗಿ ಜಾಕಿಗೆ ವರ್ಗವಾದುದನ್ನು ಖಚಿತಪಡಿಸಿಕೊಂಡೇ ಕಡೆಯ ಬೋಲ್ಟುಗಳನ್ನು ಬಿಡಿಸಬೇಕು. ಇಳಿದ ಯಂತ್ರವು ವಾಹನದ ಅಂಚಿನ ಕೆಳಗಿಂದ ಹೊರಬರಬೇಕಾದುದರಿಂದ, ಚಕ್ರಗಳನ್ನು ಮೊದಲೇ ಭದ್ರವಾದ ಏರುಹಲಗೆಗಳ ಮೇಲೆ ಹತ್ತಿಸಿರುತ್ತಾರೆ. ವಾಹನವನ್ನು ಸಮತಟ್ಟಾಗಿ ನಿಲ್ಲಿಸಲೆಂದು ಇರುವ ಹೈಡ್ರಾಲಿಕ್ ಕಾಲುಗಳನ್ನು ಮಾತ್ರ ನಂಬಿ ಅದರಡಿ ಮಲಗುವುದು ಪ್ರಾಣಾಪಾಯಕರ. ಹಾಗೆ ಮಾಡುವವನನ್ನು ಈ ವೃತ್ತಿಯ ಹಿರಿಯರು ಕೆಲಸದಲ್ಲಿ ಉಳಿಸಿಕೊಳ್ಳಬಾರದೆಂದೇ ನನ್ನ ಅಭಿಪ್ರಾಯ.

ಮೇಜಿನ ಮೇಲೆ ಬಂದ ಯಂತ್ರದ ದುರಸ್ತಿ ಇತರ ಯಂತ್ರಗಳ ದುರಸ್ತಿಯಂತೆಯೇ. ಸುರುಳಿಗಳ ನಿರೋಧವನ್ನು ಅಳೆದು, ಸವೆದ ಕಾರ್ಬನ್ ಬ್ರಷ್ಷುಗಳನ್ನು ಬದಲಿಸಿ, ಕೃತಕ ಹೊರೆಯ ಮೇಲೆ ಓಡಿಸಿ, ವೇಗ ಸರಿಯಿದೆಯೇ ಎಂದು ನೋಡುತ್ತಾರೆ. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತನಗಳದು. ಎರಡು ಧ್ರುವಗಳ ಯಂತ್ರ ಅದನ್ನು ಕೊಡಬೇಕಾದರೆ ನಿಮಿಷಕ್ಕೆ 3600 ಸುತ್ತು, ನಾಲ್ಕು ಧ್ರುವಗಳದಾದರೆ 1800 ಸುತ್ತು ತಿರುಗಬೇಕು.

ಮರಳಿ ಕೂಡಿಸುವಾಗ ಕುಶಲಿಯ ಧರ್ಮ ಪರೀಕ್ಷೆಗೊಳಗಾಗುತ್ತದೆ. ಗೂಡಿಗೂ ವಾಸದ ಕೋಣೆಗೂ ನಡುವೆ ತಂತಿ ಹಾಯುವ ಪ್ರತಿಯೊಂದು ರಂಧ್ರವನ್ನೂ ಆವಿ ನುಸುಳದಂತೆ ಮುಚ್ಚಬೇಕು. ಹೊಗೆಕೊಳವೆಯ ಬಾಯಿ ವಾಹನದ ಅಂಚನ್ನು ದಾಟಿ ಹೊರಗಿರಬೇಕು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ರಿಸುತ್ತಿರುವವರನ್ನು ಎಚ್ಚರಿಸದೆಯೇ ಕೊಲ್ಲಬಲ್ಲುದು. ಯಂತ್ರವು ಎಷ್ಟೇ ಸೊಗಸಾಗಿ ಓಡಿದರೂ, ಮುಚ್ಚದೆ ಬಿಟ್ಟ ಒಂದು ರಂಧ್ರ ಆ ದುರಸ್ತಿಯನ್ನೆಲ್ಲ ನಿಷ್ಫಲಗೊಳಿಸುತ್ತದೆ.

ಅಮೆರಿಕದಲ್ಲಿ ನೆಲಸಿರುವ ನಮ್ಮವರು, ಊರಿನಿಂದ ಬಂದ ತಂದೆತಾಯಿಗಳನ್ನು ಕೂರಿಸಿಕೊಂಡು ಇಂಥ ವಾಹನವನ್ನು ಬಾಡಿಗೆಗೆ ಪಡೆದು ಪ್ರವಾಸ ಹೊರಡುವುದಾದರೆ, ಜನರೇಟರಿನ ಗುಂಡಿ ಒತ್ತುವ ಮೊದಲು ಒಳಗಿನ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆಗಂಟೆಯನ್ನು ಒತ್ತಿ ಪರೀಕ್ಷಿಸಿರಿ. ಅದು ಮೊಳಗದಿದ್ದರೆ ಆ ವಾಹನವನ್ನು ಸ್ವೀಕರಿಸಬೇಡಿರಿ.