ಅನಿಲ ಕಾರ್ಖಾನೆಯ ನೆಲ ಉದ್ಯಾನವಾದ ಬಗೆ

ನಿವೇಶನ ಕೊಳ್ಳುವ ಗೃಹಸ್ಥರು ನೀರಿನ ಸೌಕರ್ಯವನ್ನು ವಿಚಾರಿಸುವರು, ದಾರಿಯನ್ನೂ ದಿಕ್ಕನ್ನೂ ನೋಡುವರು, ಕಾಗದಪತ್ರಗಳನ್ನು ಬಲ್ಲವರಿಗೆ ತೋರಿಸುವರು. ಆ ನೆಲದ ಮೇಲೆ ಹಿಂದೆ ಏನು ನಡೆದಿತ್ತು ಎಂದು ಕೇಳುವವರು ವಿರಳ. ಹೊಲಗದ್ದೆಗಳ ಕಾಲದಲ್ಲಿ ಈ ಪ್ರಶ್ನೆಯ ಅಗತ್ಯ ಅಷ್ಟಾಗಿ ಇರಲಿಲ್ಲ. ಕಾರ್ಖಾನೆಗಳ ಕಾಲದಲ್ಲಿ ಉಂಟು. ಗೋಡೆ ಕೆಡವಿ ನೆಲ ಸಮ ಮಾಡಿದ ಮಾತ್ರಕ್ಕೆ ಕಾರ್ಖಾನೆಯು ಮಣ್ಣಿಗೆ ಉಣಿಸಿದ್ದು ಹೋಗದು. ಹಾಗೆ ವಿಷವುಂಡ ನೆಲವೊಂದನ್ನು ಜನರಿಗೆ ಮರಳಿ ಕೊಡಲು ಅಮೆರಿಕದ ಸಿಯಾಟಲ್ ನಗರ ಮಾಡಿದ ಪ್ರಯತ್ನವನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ. ಕನ್ನಡಿಗರ ಎಷ್ಟೋ ಮನೆಗಳ ಮಕ್ಕಳು ಕಂಪ್ಯೂಟರ್ ಉದ್ಯೋಗದ ನಿಮಿತ್ತ ಅಲ್ಲಿ ನೆಲೆಸಿರುವುದರಿಂದ ಊರಿನ ಹೆಸರು ಅಪರಿಚಿತವೇನಲ್ಲ.

ಆ ನಗರದ ಯೂನಿಯನ್ ಸರೋವರದ ಉತ್ತರ ದಂಡೆಯಲ್ಲಿ 1906ರಲ್ಲಿ ಒಂದು ಅನಿಲ ಕಾರ್ಖಾನೆ ಆರಂಭವಾಯಿತು. ಮನೆಗಳ ಒಲೆಗೂ ದೀಪಕ್ಕೂ ಬೇಕಾದ ಅನಿಲವನ್ನು ಅಲ್ಲಿ ಮೊದಲು ಕಲ್ಲಿದ್ದಲಿನಿಂದ, 1937ರ ತರುವಾಯ ಎಣ್ಣೆಯಿಂದ ತೆಗೆಯುತ್ತಿದ್ದರು. ಅನಿಲ ಕೊಳವೆಗಳಲ್ಲಿ ಮನೆಗಳಿಗೆ ಹೋಗುತ್ತಿತ್ತು. ಡಾಂಬರು, ಕಾಡಿಗೆಯಂಥ ಮಸಿ, ಬೆಂಜೀನ್ ಮುಂತಾದವು ಹಿಂದೆ ಉಳಿಯುತ್ತಿದ್ದವು. ಮಾರಾಟವಾದಷ್ಟು ಮಾರಾಟವಾಗಿ, ಚೆಲ್ಲಿದ್ದು ಸೋರಿದ್ದು ನೆಲಕ್ಕೂ ಸರೋವರಕ್ಕೂ ಸೇರಿತು. ದೂರದ ಬಾವಿಗಳ ನೈಸರ್ಗಿಕ ಅನಿಲ 1956ರಲ್ಲಿ ನಗರಕ್ಕೆ ಬಂದಾಗ ಕಾರ್ಖಾನೆ ನಿಂತಿತು. ಅರ್ಧ ಶತಮಾನ ಊರಿಗೆಲ್ಲ ಅಡುಗೆ ಮಾಡಿಕೊಟ್ಟ ನೆಲದಲ್ಲಿ ಹುಲ್ಲು ಬೆಳೆಯುವುದೂ ಕಷ್ಟವಾಗಿತ್ತು.

ಸುಮಾರು 20 ಎಕರೆಯ ಈ ಜಾಗವನ್ನು ನಗರಾಡಳಿತ 1962ರಲ್ಲಿ ಕೊಂಡಿತು. ಅದಕ್ಕಾಗಿ ಶ್ರಮಿಸಿದವರಲ್ಲಿ ನಗರಸಭೆಯ ಸದಸ್ಯೆ ಮಿರ್ಟಲ್ ಎಡ್ವರ್ಡ್ಸ್ ಮುಖ್ಯರು. ಆಕೆ 1969ರಲ್ಲಿ ತೀರಿಕೊಂಡರು. ಮರುವರ್ಷ ಉದ್ಯಾನದ ಯೋಜನೆ ರಿಚರ್ಡ್ ಹಾಗ್ ಎಂಬ ಭೂದೃಶ್ಯ ಶಿಲ್ಪಿಗೆ ಬಂದಿತು. ಅವರು ಕಾರ್ಖಾನೆಯ ಹಳೆಯ ಕಮ್ಮಾರಸಾಲೆಯಲ್ಲಿಯೇ ಕಚೇರಿ ಹೂಡಿದರು. ರೋಗಿಯ ಪಕ್ಕದಲ್ಲಿ ಕುಳಿತು ನಾಡಿ ನೋಡುವ ವೈದ್ಯನ ಕ್ರಮವಿದು ಎಂದು ನಮಗೆ ತೋರುತ್ತದೆ.

ಕೆಟ್ಟ ಮಣ್ಣನ್ನೆಲ್ಲ ಅಗೆದು ಬೇರೆಡೆ ಸುರಿಯುವುದು ಒಂದು ಮಾರ್ಗವಾಗಿತ್ತು. ಅದರಿಂದ ವಿಷ ಅಳಿಯುವುದಿಲ್ಲ, ಊರು ಬದಲಾಯಿಸುತ್ತದೆ ಅಷ್ಟೆ. ಹಾಗ್ ಅವರು ಬಹುಪಾಲು ಮಣ್ಣನ್ನು ಅಲ್ಲಿಯೇ ಉಳಿಸಿ, ಅದಕ್ಕೆ ಚರಂಡಿ ಶುದ್ಧೀಕರಣದಿಂದ ಬಂದ ಗೊಬ್ಬರವನ್ನೂ ಮರದ ಹೊಟ್ಟನ್ನೂ ಬೆರೆಸಿ ಉಳಿಸಿದರು. ಎಣ್ಣೆಯ ಅಂಶವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ಸಹಜವಾಗಿಯೇ ಇರುತ್ತವೆ. ಗಾಳಿ, ತೇವ, ಸಾರಜನಕ ದೊರೆತರೆ ಅವು ವೃದ್ಧಿಯಾಗುತ್ತವೆ. ತಿಪ್ಪೆಯ ಗೊಬ್ಬರ ಹದವಾಗುವುದನ್ನು ಕಂಡ ನಮ್ಮ ರೈತರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕಟ್ಟಡಗಳ ಅವಶೇಷಗಳನ್ನು ಒಂದೆಡೆ ರಾಶಿ ಹಾಕಿ, ಮೇಲೆ ಹೊಸ ಮಣ್ಣು ಹೊದಿಸಿದಾಗ ಒಂದು ಗುಡ್ಡವೇ ಆಯಿತು. ಅದರ ನೆತ್ತಿಯ ಮೇಲಿನ ಸೂರ್ಯ ಗಡಿಯಾರದಲ್ಲಿ ನಾವೇ ನಿಂತು ನಮ್ಮ ನೆರಳಿನಿಂದ ಹೊತ್ತನ್ನು ಅರಿಯಬಹುದು. ಒಂದು ಯಂತ್ರಶಾಲೆಯ ಯಂತ್ರಗಳಿಗೆ ಬಣ್ಣ ಬಳಿದು ಅದನ್ನು ಮಕ್ಕಳ ಆಟದ ಮನೆಯಾಗಿಸಿದರು. ಉದ್ಯಾನ 1975ರಲ್ಲಿ ಜನರಿಗೆ ತೆರೆಯಿತು.

ಸಾಮಾನ್ಯವಾಗಿ ಇಂಥ ವರದಿಗಳು ಇಲ್ಲಿಗೆ ಮುಗಿಯುತ್ತವೆ. ಆದರೆ 1984ರಲ್ಲಿ ಮಣ್ಣಿನ ಪರೀಕ್ಷೆ ನಡೆಸಿದ ಸರಕಾರ ಉದ್ಯಾನವನ್ನು ಕೆಲವು ತಿಂಗಳು ಮುಚ್ಚಬೇಕಾಯಿತು. ಕಾರಣ ಸರಳ. ಸೂಕ್ಷ್ಮಜೀವಿಗಳು ಹಗುರವಾದ ಎಣ್ಣೆಯ ಅಂಶಗಳನ್ನು ಬೇಗ ಜೀರ್ಣಿಸಿಕೊಳ್ಳುತ್ತವೆ. ಡಾಂಬರಿನಲ್ಲಿರುವ ಭಾರವಾದ, ಹಲವು ಉಂಗುರಗಳ ರಚನೆಯುಳ್ಳ ಹೈಡ್ರೋಕಾರ್ಬನ್‌ಗಳು ಅವುಗಳಿಗೆ ಬೇಗ ದಕ್ಕವು. ಈ ವರ್ಗದ ಕೆಲವು ವಸ್ತುಗಳು ಕ್ಯಾನ್ಸರ್ ತರಬಲ್ಲವು. ಹುಲ್ಲಿನ ಮೇಲೆ ನಡೆಯುವವರಿಗಿಂತ ಮಣ್ಣನ್ನು ಬಾಯಿಗೆ ಹಾಕಿಕೊಳ್ಳುವ ಹಸುಳೆಗಳಿಗೆ ಅವುಗಳ ಅಪಾಯ ಹೆಚ್ಚು. ಒಂಬತ್ತು ವರ್ಷ ಆಡಿಸಿದ ತಾಯಂದಿರು ಇದನ್ನು ಕೇಳಿದಾಗ ಅವರ ಮನಸ್ಸು ಹೇಗಾಗಿರಬೇಕು!

ಆ ಬಳಿಕ ಮೇಲೆ ಹೊಸ ಮಣ್ಣಿನ ಹೊದಿಕೆ ಹಾಕಿದರು. 2000ರ ಸುಮಾರಿಗೆ ಒಂದು ಭಾಗದಲ್ಲಿ ಅಂತರ್ಜಲದೊಳಕ್ಕೆ ಗಾಳಿಯನ್ನು ಒತ್ತಿ, ಆವಿಯಾಗಿ ಮೇಲೇಳುವ ಬೆಂಜೀನನ್ನು ಕೊಳವೆಗಳಿಂದ ಹೀರಿ ತೆಗೆಯುವ ಕೆಲಸ ನಡೆಯಿತು. ಸರೋವರದ ತಳದ ಕೆಸರನ್ನು ಶುದ್ಧಿಗೊಳಿಸುವ ಕಾರ್ಯ ಇಂದಿಗೂ ಮುಗಿದಿಲ್ಲ. ಅದರ ಹೊಣೆ ನಗರಾಡಳಿತದ ಮೇಲೆಯೂ ಹಳೆಯ ಅನಿಲ ಸಂಸ್ಥೆಯ ಉತ್ತರಾಧಿಕಾರಿಯಾದ ವಿದ್ಯುತ್ ಹಾಗೂ ಅನಿಲ ಸಂಸ್ಥೆಯ ಮೇಲೆಯೂ ಇದೆ. ಕೆಡಿಸಲು ಐವತ್ತು ವರ್ಷ ಸಾಕಾಯಿತು. ಸರಿಪಡಿಸಲು ಐವತ್ತು ಸಾಲದಾಗಿದೆ. ಇದರಿಂದ ಹಾಗ್ ಅವರ ಯತ್ನ ವಿಫಲವಾಯಿತೆಂದು ನಾವು ಒಪ್ಪುವುದಿಲ್ಲ. ಬೇಲಿ ಹಾಕಿ ಮರೆತಿದ್ದರೆ ಈ ಪರೀಕ್ಷೆಗಳನ್ನು ನಡೆಸಲು ಯಾರಿಗೂ ಇಷ್ಟು ಅವಸರವಿರುತ್ತಿರಲಿಲ್ಲ. ಜನರು ಓಡಾಡುವ ಸ್ಥಳವಾದ್ದರಿಂದಲೇ ಕೇಳುವವರು ಹುಟ್ಟಿಕೊಂಡರು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಕಾರ್ಖಾನೆಯ ತುಕ್ಕು ಹಿಡಿದ ಗೋಪುರಗಳನ್ನು ಕೆಡವಬಾರದೆಂದು ಹಾಗ್ ಅವರು ಪಟ್ಟು ಹಿಡಿದು, ಸಭೆಗಳಲ್ಲಿ ವಾದಿಸಿ ಜನರನ್ನು ಒಪ್ಪಿಸಿದರು. ಉದ್ಯಾನಕ್ಕೆ ಮಿರ್ಟಲ್ ಎಡ್ವರ್ಡ್ಸ್ ಅವರ ಹೆಸರಿಡುವುದೆಂದು ಮೊದಲು ನಿಶ್ಚಯವಾಗಿತ್ತು. ಗೋಪುರಗಳು ಉಳಿಯುವುದಾದರೆ ಆ ಹೆಸರು ಬೇಡವೆಂದು ಆಕೆಯ ಕುಟುಂಬದವರು ಕೇಳಿಕೊಂಡರು. ಹೆಸರು ಹಿಂದೆ ಸರಿಯಿತು. 1976ರಲ್ಲಿ ಸಮುದ್ರ ದಂಡೆಯ ಬೇರೊಂದು ಉದ್ಯಾನಕ್ಕೆ ಅದನ್ನಿಟ್ಟರು. ಹಿರಿಯರ ಹೆಸರು ಹಸಿರಿನ ನಡುವೆ ಇರಲಿ, ತುಕ್ಕಿನ ನಡುವೆ ಬೇಡ ಎಂಬ ಮನೆಯವರ ಭಾವನೆಯನ್ನು ನಾವು ಗೌರವಿಸುತ್ತೇವೆ. ಆದರೂ ಗೋಪುರಗಳನ್ನು ಉಳಿಸಿದ್ದೇ ಸರಿಯೆಂಬುದು ನಮ್ಮ ಅಭಿಮತ. ಅವು ಇಲ್ಲದಿದ್ದರೆ ಹೊಸ ತಲೆಮಾರಿನವರಿಗೆ ತಮ್ಮ ಕಾಲ ಕೆಳಗೆ ಏನಿದೆ ಎಂಬುದೇ ತಿಳಿಯುತ್ತಿರಲಿಲ್ಲ. 2013ರಲ್ಲಿ ಈ ಸ್ಥಳ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.

ಮಕ್ಕಳ ಮನೆಗೆಂದು ಸಿಯಾಟಲ್‌ಗೆ ಹೋಗುವ ಹಿರಿಯರು ಮೊಮ್ಮಕ್ಕಳೊಡನೆ ಆ ಗುಡ್ಡವನ್ನು ಹತ್ತಬಹುದು. ಗಾಳಿ ಚೆನ್ನಾಗಿ ಬೀಸುವುದರಿಂದ ಅಲ್ಲಿ ಗಾಳಿಪಟ ಹಾರಿಸುವುದು ವಾಡಿಕೆ. ದಂಡೆಯಿಂದ ನೀರಿಗಿಳಿಯುವುದಕ್ಕೆ ನಿಷೇಧವಿದೆ, ಅದನ್ನು ಪಾಲಿಸಬೇಕು. ಬುತ್ತಿ ಬಿಚ್ಚುವ ಮೊದಲು ಮಕ್ಕಳ ಕೈ ತೊಳೆಸಬೇಕು.